ಹಗಲು ಹೂವಿಗೆ ಜಗಳ, ರಾತ್ರಿ ಒಂದೇ ಗವಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಗುಳೇದಗುಡ್ಡದ ಖಣದ ಕುಪ್ಪಸ, ಜಂಪರು, ಶಾಲೆ ಮಕ್ಕಳ ಯೂನಿಫಾರ್ಮು. ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗ ಕೌದಿಯನ್ನೂ ಹೊಲಿಯುತ್ತೇನೆ. ಅಂಗಡಿಯ ಹೊರಗೆ ತಗಡಿನ ಕೆಳಗೆ ಹಳೆಯ ತಂತಿಯ ತುದಿಯೊಂದು ಜೋತುಬಿದ್ದಿದೆ. ಹೋದ ಫೆಬ್ರವರಿಯಲ್ಲಿ ಆ ತುದಿಗೆ ಒಂದು ಸೂರಕ್ಕಿ ಗೂಡು ಕಟ್ಟಲು ಶುರು ಮಾಡಿತು.

ಮೊದಲ ದಿನ ನನಗೆ ಗೊತ್ತೇ ಆಗಲಿಲ್ಲ. ತಂತಿಗೆ ಜೇಡರ ಬಲೆ ಅಂಟಿದೆ ಅಂದುಕೊಂಡು ಕಸಬರಿಗೆ ತಂದೆ. ಅಷ್ಟರಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹಕ್ಕಿ ಬಂದು ಕೂತಿತು. ಹೊಟ್ಟೆ ಹಳದಿ, ಬೆನ್ನು ಕಂದು, ಕೊಕ್ಕು ಸೂಜಿಯ ಹಾಗೆ ಬಾಗಿದ್ದು. ಕೊಕ್ಕಿನ ತುದಿಯಲ್ಲಿ ಇನ್ನೊಂದಿಷ್ಟು ಜೇಡರ ಬಲೆ. ಕಸಬರಿಗೆ ಹಾಗೇ ಇಳಿಸಿದೆ.

ಅಲ್ಲಿಂದ ಒಂಬತ್ತು ದಿನ ಅದರ ಕೆಲಸ ನೋಡಿದೆ. ಅಳತೆ ಬರೆದಿಡುವ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ದಿನಾ ಒಂದು ಸಾಲು ಬರೆದಿದ್ದೇನೆ. ಜೇಡರ ಬಲೆ, ಒಣಗಿದ ತೊಗಟೆಯ ಚೂರು, ಹುಲ್ಲಿನ ಎಳೆ, ಕಂಬಳಿಹುಳುವಿನ ಹಿಕ್ಕೆ, ಕೊನೆಗೆ ಎಕ್ಕೆಯ ಹತ್ತಿ. ಐದನೇ ದಿನ ಗೂಡಿನ ಹೊಟ್ಟೆಯಲ್ಲಿ ಕೆಂಪಗೆ ಏನೋ ಕಂಡಿತು. ಹತ್ತಿರ ಹೋಗಿ ನೋಡಿದರೆ ನನ್ನದೇ ರೇಷ್ಮೆ ದಾರ! ಮಷಿನ್ನಿನ ಕೆಳಗೆ ಬಿದ್ದದ್ದನ್ನು ಎತ್ತಿಕೊಂಡು ಹೋಗಿ ಬಲೆಯ ಜೊತೆ ಸುತ್ತಿತ್ತು. ಇಪ್ಪತ್ತೆರಡು ವರ್ಷ ಹೊಲಿದಿದ್ದೇನೆ. ನನ್ನ ದಾರಕ್ಕೆ ಅಷ್ಟು ಒಳ್ಳೆಯ ಜಾಗ ಹಿಂದೆಂದೂ ಸಿಕ್ಕಿರಲಿಲ್ಲ.

ಅಂಗಡಿಗೆ ಬಂದವರೆಲ್ಲ ಹೇಳುವುದು ಒಂದೇ ಮಾತು. "ಅಕ್ಕಾರ, ನಿಮ್ಮಲ್ಲಿ ಹಮ್ಮಿಂಗ್‌ಬರ್ಡ್ ಗೂಡು ಕಟ್ಟೈತಲ್ರಿ!"

ಪ್ರತಿ ಸಲವೂ ನಾನು ಹೊಲಿಗೆ ನಿಲ್ಲಿಸಿ ಹೇಳುತ್ತೇನೆ. ಇದು ಹಮ್ಮಿಂಗ್‌ಬರ್ಡ್ ಅಲ್ರಿ, ಸೂರಕ್ಕಿ. ಹಮ್ಮಿಂಗ್‌ಬರ್ಡ್ ನಮ್ಮ ದೇಶದಲ್ಲೇ ಇಲ್ಲ. ಈಗ ಅದು ಇರುವುದು ಉತ್ತರ ಮತ್ತು ದಕ್ಷಿಣ ಅಮೆರಿಕದಲ್ಲಿ ಮಾತ್ರ. ಅಲ್ಲಿ ಮುನ್ನೂರೈವತ್ತರ ಆಸುಪಾಸು ಜಾತಿಗಳಿವೆ. ಎರಡೂ ಹೂವಿನ ರಸ ಕುಡಿಯುತ್ತವೆ, ಎರಡೂ ಮಿಂಚುತ್ತವೆ, ಎರಡೂ ಜೇಡರ ಬಲೆಯಿಂದ ಗೂಡು ಬಿಗಿಯುತ್ತವೆ. ಆದರೆ ರಕ್ತಸಂಬಂಧ ಬಲು ದೂರದ್ದು. ಒಂದೇ ಕಸುಬು ಮಾಡುವ ಬೇರೆ ಬೇರೆ ಮನೆತನದವರ ಹಾಗೆ.

ಹಾಗಾದರೆ ಹಮ್ಮಿಂಗ್‌ಬರ್ಡಿನ ಹತ್ತಿರದ ನೆಂಟರು ಯಾರು? ಬಾನಾಡಿಗಳು. ಹಳೆಯ ಗುಡಿ, ಕೋಟೆ, ಗುಮ್ಮಟದ ಸುತ್ತ ಸಂಜೆ ಚೀರುತ್ತಾ ಸುತ್ತುವ, ಕುಡುಗೋಲಿನಂಥ ರೆಕ್ಕೆಯ ಕಪ್ಪು ಹಕ್ಕಿಗಳು. ಬಣ್ಣವಿಲ್ಲ, ಹೂವಿನ ಹತ್ತಿರ ಸುಳಿಯುವುದಿಲ್ಲ, ಹಾರುವ ಹುಳ ತಿಂದು ಬದುಕುತ್ತವೆ. ಆದರೂ ಪಕ್ಷಿ ವಿಜ್ಞಾನಿಗಳು ಇವೆರಡನ್ನೂ ಒಂದೇ ಗುಂಪಿನಲ್ಲಿ ಇಡುತ್ತಾರೆ. ರೆಕ್ಕೆಯ ಮೂಳೆ ನೋಡಿದರೆ ಗೊತ್ತಾಗುತ್ತದಂತೆ: ಎರಡಕ್ಕೂ ತೋಳಿನ ಮೂಳೆ ತುಂಬ ಗಿಡ್ಡ, ಕೈಯ ಭಾಗ ತುಂಬ ಉದ್ದ. ಇದು ಮೊದಲ ಸಲ ತಿಳಿದಾಗ ನಾನು ಎರಡು ದಿನ ಅದೇ ಗುಂಗಿನಲ್ಲಿದ್ದೆ. ಈ ನೆಂಟಸ್ತಿಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಮಗಳು ಧಾರವಾಡದಲ್ಲಿ ಬಿಎಸ್ಸಿ ಓದುತ್ತಾಳೆ. ಗೂಡಿನ ಫೋಟೋ ಅವಳಿಗೆ ದಿನಾ ಕಳಿಸುತ್ತಿದ್ದೆ. ಒಂದು ರಾತ್ರಿ ಫೋನ್ ಮಾಡಿದಳು.

"ಯವ್ವಾ, ಹಮ್ಮಿಂಗ್‌ಬರ್ಡ್ ಅಲ್ಲ ಅಂತ ಎಲ್ಲಾರಿಗೂ ಪಾಠ ಮಾಡ್ತಿಯಲ್ಲ, ಖರೇ ಹಮ್ಮಿಂಗ್‌ಬರ್ಡಿನ ಸುದ್ದಿ ಒಂದು ಐತಿ ಕೇಳ. ಅವು ಗವಿಯೊಳಗ ಓಣಿ ಕಟ್ಕೊಂಡಾವಂತ."

ಓಣಿ! ಆ ಒಂದು ಮಾತು ನನ್ನನ್ನು ಹಿಡಿದು ಕೂರಿಸಿತು.

ಸುದ್ದಿ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ್ದು. ಅಲ್ಲಿ ಆಂಡೀಸ್ ಪರ್ವತದ ಸಾಲಿನಲ್ಲಿ ಚಿಂಬೊರಾಜೊ ಅಂತ ಒಂದು ಜ್ವಾಲಾಮುಖಿ ಇದೆ. ಎತ್ತರ 6,263 ಮೀಟರ್. ಆ ಬೆಟ್ಟದ ಮೈಮೇಲೆ ಬದುಕುವ ಹಮ್ಮಿಂಗ್‌ಬರ್ಡಿಗೆ ಈಕ್ವೆಡೋರಿಯನ್ ಹಿಲ್‌ಸ್ಟಾರ್ ಅಂತ ಹೆಸರು. ಗಂಡಿನ ತಲೆ ಗಾಢ ನೇರಳೆ, ಹೊಟ್ಟೆ ಬಿಳಿ. ಹೆಣ್ಣು ಮಾಸಲು ಹಸಿರು. ಇವು ಇರುವುದು ಸುಮಾರು 3,500 ಮೀಟರಿನಿಂದ ಮೇಲೆ, ಹಿಮ ಶುರುವಾಗುವ ಅಂಚಿನವರೆಗೆ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದರ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಈ ಹಕ್ಕಿಯ ಮನೆ ಸಿಗುತ್ತದೆ.

2022ರಲ್ಲಿ ಗುಸ್ತಾವೊ ಕಾನ್ಯಾಸ್ ಮತ್ತು ಹುವಾನ್ ಬೌಸಾಟ್ ಎಂಬ ಇಬ್ಬರು ಈ ಹಕ್ಕಿಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಚಿಂಬೊರಾಜೊದ ಒಂದು ಗವಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಹಕ್ಕಿಗಳು, ಜೊತೆಗೆ ಗೂಡಿನಲ್ಲಿ ಮರಿಗಳು. ಅಲ್ಲೇ ಗೂಡು ಕಟ್ಟುವುದು, ಅಲ್ಲೇ ರಾತ್ರಿ ಕಳೆಯುವುದು. ಗಂಡು, ಹೆಣ್ಣು ಎರಡೂ ಇದ್ದವು.

ಇದರಲ್ಲಿ ಏನು ದೊಡ್ಡ ವಿಷಯ ಅಂತ ನಾನೂ ಕೇಳಿದೆ. ನಮ್ಮ ಮಲಪ್ರಭೆಯ ದಂಡೆಗೆ ಹೋದರೆ ಒಂದೇ ಜಾಲಿಗಿಡಕ್ಕೆ ಹತ್ತಾರು ಗೀಜಗನ ಗೂಡು ಜೋತುಬಿದ್ದಿರುತ್ತವೆ. ಬೆಳ್ಳಕ್ಕಿಗಳೂ ಗುಂಪಾಗಿಯೇ ಇರುತ್ತವೆ. ಹಕ್ಕಿಗಳು ಒಟ್ಟಿಗೆ ಇರುವುದು ಹೊಸದಾ?

ಹಮ್ಮಿಂಗ್‌ಬರ್ಡಿಗೆ ಹೊಸದು. ಯಾಕೆಂದರೆ ಅದರಷ್ಟು ಜಗಳಗಂಟ ಹಕ್ಕಿ ಹುಡುಕಿದರೂ ಸಿಗುವುದು ಕಷ್ಟ. ಒಂದು ಹೂವಿನ ಪೊದೆ ತನ್ನದು ಅಂದುಕೊಂಡರೆ ಮುಗಿಯಿತು. ಇನ್ನೊಂದು ಹಕ್ಕಿ ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ, ಕೊಕ್ಕಿನಿಂದ ತಿವಿಯುತ್ತದೆ. ತನಗಿಂತ ಎಷ್ಟೋ ದೊಡ್ಡ ಹಕ್ಕಿಯನ್ನೂ ಬಿಡುವುದಿಲ್ಲ. ಅದರ ಹೊಟ್ಟೆಪಾಡು ಹಾಗಿದೆ. ಗಾಳಿಯಲ್ಲಿ ನಿಂತಲ್ಲೇ ನಿಂತು ರಸ ಹೀರಬೇಕು. ಎದೆ ನಿಮಿಷಕ್ಕೆ ಸಾವಿರ ಸಲ ಬಡಿಯುತ್ತದೆ. ಒಂದು ಹೂವು ಕೈತಪ್ಪಿದರೂ ನಷ್ಟ. ಗಂಡು ಹೆಣ್ಣು ಕೂಡುವುದೂ ಗಳಿಗೆಯ ಮಾತು. ಆಮೇಲೆ ಗಂಡು ತನ್ನ ದಾರಿ ಹಿಡಿಯುತ್ತದೆ. ಗೂಡು ಕಟ್ಟುವುದು, ಎರಡು ಮೊಟ್ಟೆಗೆ ಕಾವು ಕೊಡುವುದು, ಮರಿಗಳನ್ನು ಸಾಕುವುದು, ಎಲ್ಲಾ ಹೆಣ್ಣೊಂದೇ. ಹಮ್ಮಿಂಗ್‌ಬರ್ಡ್ ಅಂದರೆ ಒಂಟಿ ಹಕ್ಕಿ ಅಂತಲೇ ಲೆಕ್ಕ. ಅಂಥದ್ದು ಒಂದೇ ಮಾಡಿನ ಕೆಳಗೆ ಇಪ್ಪತ್ತು!

ನನ್ನ ಸೂರಕ್ಕಿಯೂ ಜಗಳಕ್ಕೇನು ಕಡಿಮೆಯಿಲ್ಲ. ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡಲು ಒಂದು ಕನ್ನಡಿ ಇಟ್ಟಿದ್ದೇನೆ. ಗಂಡು ಸೂರಕ್ಕಿ ಅದರಲ್ಲಿ ತನ್ನನ್ನೇ ನೋಡಿ ವೈರಿ ಬಂದ ಅಂತ ತಿಳಿದು ಕೊಕ್ಕಿನಿಂದ ಕುಟ್ಟುತ್ತಿತ್ತು. ಕೊನೆಗೆ ಕನ್ನಡಿಗೆ ಹಳೆಯ ಸೀರೆ ಹೊದಿಸಿದೆ. ಆದರೆ ಒಂದು ಮಾತು ಹೇಳಲೇಬೇಕು. ಮರಿ ಒಡೆದ ಮೇಲೆ ಈ ಗಂಡು ಹುಳ ಹಿಡಿದು ತಂದು ತಿನ್ನಿಸಿತು. ಹಿಲ್‌ಸ್ಟಾರಿನ ಹೆಣ್ಣಿಗೆ ಆ ಭಾಗ್ಯವೂ ಇಲ್ಲ.

ಈಗ ಆ ಎತ್ತರದ ರಾತ್ರಿಯನ್ನು ಯೋಚಿಸಿ. ಈಕ್ವೆಡಾರ್ ಇರುವುದು ಭೂಮಧ್ಯರೇಖೆಯ ಮೇಲೆ. ಆ ಬೆಟ್ಟಗಳಲ್ಲಿ ಹಗಲೆಲ್ಲ ಬೇಸಿಗೆ, ರಾತ್ರಿಯೆಲ್ಲ ಚಳಿಗಾಲ ಅನ್ನುತ್ತಾರೆ. ವರ್ಷಪೂರ್ತಿ ಹಾಗೇ. ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಆಲಿಕಲ್ಲು ಬೀಳುತ್ತದೆ, ಗಾಳಿ ತೆಳು. ಹಕ್ಕಿಯ ತೂಕ ಎಂಟು ಗ್ರಾಂ ಆಸುಪಾಸು. ನನ್ನ ಡಬ್ಬಿಯಲ್ಲಿರುವ ದೊಡ್ಡ ಕೋಟಿನ ಗುಂಡಿ ಎರಡು ಮೂರು ಸೇರಿಸಿದರೆ ಅಷ್ಟೇ. ಇಷ್ಟು ಸಣ್ಣ ಮೈ ಶಾಖ ಹಿಡಿದಿಟ್ಟುಕೊಳ್ಳುವುದು ಹೇಗೆ?

ಎತ್ತರದ ಹಮ್ಮಿಂಗ್‌ಬರ್ಡುಗಳಿಗೆ ಇದಕ್ಕೊಂದು ಉಪಾಯ ಇದೆ. ರಾತ್ರಿ ಮೈಯ ಒಲೆಯನ್ನೇ ಆರಿಸಿಬಿಡುತ್ತವೆ. ಇದಕ್ಕೆ ಟಾರ್ಪರ್ ಅನ್ನುತ್ತಾರೆ. ನಿದ್ದೆಗಿಂತ ಆಳದ್ದು, ಮರಗಟ್ಟಿದ ಸ್ಥಿತಿ. ಎದೆಬಡಿತ ಸಾವಿರದಿಂದ ಐವತ್ತರ ಹತ್ತಿರಕ್ಕೆ ಇಳಿಯುತ್ತದೆ. ಪೆರು ದೇಶದ ಆಂಡೀಸ್‌ನಲ್ಲಿ ವಿಜ್ಞಾನಿಗಳು ಅಳೆದು 2020ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. ಬ್ಲ್ಯಾಕ್ ಮೆಟಲ್‌ಟೇಲ್ ಎಂಬ ಹಮ್ಮಿಂಗ್‌ಬರ್ಡಿನ ಮೈ ಒಂದು ರಾತ್ರಿ 3.3 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಫ್ರಿಜ್ಜಿನಲ್ಲಿಟ್ಟ ಹಾಲಿನಷ್ಟು ತಣ್ಣಗೆ. ಬೆಳಗಾಗುವ ಮುಂಚೆ ಮೈ ನಡುಗಿಸಿ, ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಮತ್ತೆ ಬಿಸಿಯಾಗಿ ಹಾರಿಹೋಗುತ್ತದೆ. ಇದನ್ನು ಓದಿದ ದಿನ ನಾನು ಮಷಿನ್ ನಿಲ್ಲಿಸಿ ಸುಮ್ನೆ ಕೂತಿದ್ದೆ. ಸತ್ತು ಹುಟ್ಟುವುದು ಅದಕ್ಕೆ ದಿನದ ಕೆಲಸ.

ಆದರೆ ಗೂಡಿನಲ್ಲಿ ಕೂತ ತಾಯಿಗೆ ಈ ಉಪಾಯ ಸುಲಭವಲ್ಲ. ಒಲೆ ಆರಿಸಿದರೆ ಮೊಟ್ಟೆಯೂ ತಣ್ಣಗಾಗುತ್ತದೆ. ಹಾಗಾಗಿ ಕಾವಿಗೆ ಕೂತ ಹಮ್ಮಿಂಗ್‌ಬರ್ಡ್ ಸಾಮಾನ್ಯವಾಗಿ ರಾತ್ರಿಯೆಲ್ಲ ಮೈ ಬಿಸಿ ಇಟ್ಟುಕೊಳ್ಳುತ್ತದೆ. ಹಗಲು ಕುಡಿದ ರಸವನ್ನೇ ಸೌದೆ ಮಾಡಿ ಉರಿಸುತ್ತದೆ. ಎಲ್ಲರೂ ಮಲಗಿದಾಗ ಅದೊಂದೇ ಒಲೆ ಕಾಯುತ್ತಿರುತ್ತದೆ. ಅದಕ್ಕೇ ಗೂಡು ದಪ್ಪ: ಪಾಚಿ, ಉಣ್ಣೆ, ಪುಕ್ಕ, ಗಿಡದ ನಾರು. ನಮ್ಮಲ್ಲಿ ಹಳೆಯ ಸೀರೆ ಪದರ ಪದರವಾಗಿ ಇಟ್ಟು ಕೌದಿ ಹೊಲಿಯುವ ಹಾಗೆ. ಅದಕ್ಕೇ ಗವಿ ಕೂಡ. ಗವಿಯ ಒಳಗೆ ಆಲಿಕಲ್ಲು ಬೀಳುವುದಿಲ್ಲ, ಗಾಳಿ ಕೊರೆಯುವುದಿಲ್ಲ. ಬಯಲಿನಷ್ಟು ಚಳಿಯೂ ಇರುವುದಿಲ್ಲ.

ಹಗಲಿನ ಊಟದ ವಿಷಯವನ್ನೂ ಹೇಳಿಬಿಡುತ್ತೇನೆ, ನನಗೆ ಅದು ತುಂಬ ಇಷ್ಟವಾಯಿತು. ಚುಕಿರಾಗುವಾ ಅಂತ ಒಂದು ಮುಳ್ಳಿನ ಪೊದೆ ಅಲ್ಲಿದೆ. ನಮ್ಮ ಸೂರ್ಯಕಾಂತಿ, ಸೇವಂತಿಗೆಯ ಬಳಗದ್ದೇ. ಕಿತ್ತಳೆ ಬಣ್ಣದ ಹೂವು. ಹಿಲ್‌ಸ್ಟಾರ್ ಅದನ್ನು ನೆಚ್ಚಿಕೊಂಡಿದೆ. ತೆಳು ಗಾಳಿಯಲ್ಲಿ ನಿಂತಲ್ಲೇ ಹಾರುವುದು ದುಬಾರಿ, ಅಲ್ವಾ? ಹಾಗಾಗಿ ಇದು ಹೆಚ್ಚಾಗಿ ಹೂವಿನ ಮೇಲೆ ಕೂತೇ ಕುಡಿಯುತ್ತದೆ. ಕಾಲು ಗಟ್ಟಿ, ಉಗುರು ಗಟ್ಟಿ. ಅದೇ ಕಾಲು ರಾತ್ರಿ ಗವಿಯ ಗೋಡೆ ಹಿಡಿಯಲೂ ಬೇಕು.

ಮಗಳು ಫೋನ್ ಇಟ್ಟ ಮೇಲೆ ನನಗೆ ಹಳೇ ಬಾಗಲಕೋಟೆ ನೆನಪಾಯಿತು. ನನ್ನ ತವರುಮನೆ ಅಲ್ಲಿತ್ತು. ಈಗ ಆ ಓಣಿ ಆಲಮಟ್ಟಿ ಹಿನ್ನೀರಿನ ಪಾಲಾಗಿದೆ. ಮಣ್ಣಿನ ಮಾಳಿಗೆ ಮನೆಗಳು, ಒಂದಕ್ಕೊಂದು ಗೋಡೆ ಹಂಚಿಕೊಂಡಿದ್ದವು. ನಮ್ಮ ಮಾಳಿಗೆ ಹತ್ತಿದರೆ ಕೆಳಗೆ ಇಳಿಯದೆ ಓಣಿಯ ಕೊನೆಯವರೆಗೂ ಹೋಗಬಹುದಿತ್ತು.

ನನ್ನ ಕಾಕು ಮತ್ತು ಆಚೆಮನಿ ಅತ್ತಿ, ಇಬ್ಬರಿಗೂ ನಳದ ಹತ್ತಿರ ದಿನಾ ಜಗಳ. ನೀರು ಬರುವುದು ಒಂದೇ ತಾಸು. ಯಾರ ಕೊಡ ಮೊದಲು ಅನ್ನುವುದೇ ಗಲಾಟೆ. ಕೊಡ ಕೊಡಕ್ಕೆ ತಾಕಿ ತಗ್ಗು ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಬಾಯಿಗೆ ಬಂದ ಹಾಗೆ ಬೈದುಕೊಳ್ಳುತ್ತಿದ್ದರು. ಆದರೆ ಬೇಸಿಗೆಯ ರಾತ್ರಿ ಇಬ್ಬರ ಹಾಸಿಗೆಯೂ ಮಾಳಿಗೆಯ ಮೇಲೆ ಅಕ್ಕಪಕ್ಕ. ಮಾತಿಲ್ಲ, ಕತೆಯಿಲ್ಲ, ಮುಖ ಆ ಕಡೆ ಈ ಕಡೆ. ಆದರೂ ಅತ್ತಿಯ ಕೂಸು ಅತ್ತರೆ ಮೊದಲು ಎದ್ದು ಕೂರುತ್ತಿದ್ದವಳು ನನ್ನ ಕಾಕು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಇಬ್ಬರ ನಡುವೆ ನನ್ನ ಹಾಸಿಗೆ.

ಹಿಲ್‌ಸ್ಟಾರ್ ಬಗ್ಗೆ ಓದುವಾಗ ಅದೇ ಮಾಳಿಗೆ ಕಣ್ಣ ಮುಂದೆ ಬಂತು.

ಹೋದ ತಿಂಗಳು ಮಗಳು ರಜೆಗೆ ಬಂದಿದ್ದಳು. ಇಬ್ಬರೂ ಬಸ್ ಹಿಡಿದು ಗುಳೇದಗುಡ್ಡಕ್ಕೆ ಹೋಗಿ ಖಣ ತೆಗೆದುಕೊಂಡು, ಅಲ್ಲಿಂದ ಬಾದಾಮಿಗೆ ಹೋದೆವು. ಗವಿ ನೋಡಲಿಕ್ಕೆ. ಮೂರ್ತಿಗಳನ್ನು ಎಷ್ಟೋ ಸಲ ನೋಡಿದ್ದೇನೆ. ಈ ಸಲ ಕತ್ತೆತ್ತಿ ಮಾಡು ನೋಡುವುದಿತ್ತು. ಹಮ್ಮಿಂಗ್‌ಬರ್ಡಿನ ನೆಂಟರು ಅಲ್ಲಿದ್ದಾರಲ್ಲ!

ಮೂರನೇ ಗವಿಯಲ್ಲಿ ಮಂಗಳೇಶ ಬರೆಸಿದ ಶಾಸನ ಇದೆ, ಅವನ ಅಣ್ಣ ಕೀರ್ತಿವರ್ಮನ ಕಾಲದ್ದು, ಕ್ರಿ.ಶ. 578ರದ್ದು. ಮಗಳು ಅದನ್ನು ಓದುತ್ತಿದ್ದಳು. ನಾನು ಹೊರಗೆ ಬಂಡೆಯ ಅಂಚು ನೋಡುತ್ತಾ ನಿಂತೆ. ಕೋತಿಯೊಂದು ಕೈಯಲ್ಲಿದ್ದ ಚೀಲಕ್ಕೆ ಕೈ ಹಾಕಿತು. ಖಣ ಎದೆಗೆ ಅವಚಿಕೊಂಡೆ. ಸಂಜೆ ಐದೂವರೆ ಆಗಿರಬೇಕು. ಅಗಸ್ತ್ಯ ತೀರ್ಥದ ಮೇಲಿಂದ ಕೆಂಪು ಬಂಡೆಯ ಕಡೆಗೆ ಬಾನಾಡಿಗಳು ಬರತೊಡಗಿದವು. ಮೊದಲು ಐದಾರು, ಆಮೇಲೆ ಎಣಿಸಲಾಗದಷ್ಟು. ಚೀರುತ್ತಾ, ಒಂದರ ಹಿಂದೆ ಒಂದು, ಬಂಡೆಗೆ ಬಡಿಯುತ್ತವೇನೋ ಅನ್ನುವಷ್ಟು ಹತ್ತಿರ ಬಂದು ತಿರುಗುತ್ತಿದ್ದವು. ಚಾಚಿದ ಬಂಡೆಯ ಅಡಿಯಲ್ಲಿ ಅವುಗಳ ಗೂಡು. ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಹಳೇ ಬಾಗಲಕೋಟೆಯ ಮನೆಗಳ ಹಾಗೆ. ಹಾರುತ್ತಲೇ ಗಾಳಿಯಲ್ಲಿ ತೇಲುವ ಪುಕ್ಕ, ಹುಲ್ಲು ಹಿಡಿದು, ತಮ್ಮ ಜೊಲ್ಲಿನಿಂದ ಅಂಟಿಸಿ ಕಟ್ಟಿದ ಗೂಡುಗಳು. ಮರಿ ಇಲ್ಲದ ಕಾಲದಲ್ಲೂ ಈ ಹಕ್ಕಿಗಳು ರಾತ್ರಿ ಬಂದು ಮಲಗುವುದು ಅಲ್ಲೇ.

"ಯವ್ವಾ, ಇವಕ್ಕ ಗುಂಪಿನಾಗ ಇರೂದು ಹೊಸಾದಲ್ಲ," ಅಂದಳು ಮಗಳು. "ಆ ಕಡೆ ನೆಂಟರು ಈಗ ಕಲ್ತಾರ."

ನಾನು ಒಪ್ಪಲಿಲ್ಲ. ಆ ಹಕ್ಕಿಗಳು ಈಗ ಕಲಿತಿಲ್ಲ, ನಾವು ಈಗ ನೋಡಿದ್ದೇವೆ. ಹಿಲ್‌ಸ್ಟಾರ್ ಕುಲದ ಹಕ್ಕಿಗಳೇ ಪೂರಾ ನಮ್ಮ ಕಣ್ಣಿಗೆ ಬಿದ್ದಿಲ್ಲ. ಈಕ್ವೆಡಾರ್‌ನಲ್ಲೇ ನೀಲಿ ಗಂಟಲಿನ ಇನ್ನೊಂದು ಹಿಲ್‌ಸ್ಟಾರ್ ಸಿಕ್ಕಿದ್ದು 2017ರಲ್ಲಿ. ಅದಕ್ಕೆ ಹೆಸರಿಟ್ಟದ್ದು 2018ರಲ್ಲಿ. ಆಗಲೇ ಅದು ಅಳಿವಿನ ಅಂಚಿನಲ್ಲಿತ್ತು. ಹಾಗಿರುವಾಗ ಗವಿಯ ಒಳಗಿನ ರಾತ್ರಿ ನಮಗೆ ಗೊತ್ತಿಲ್ಲದೇ ಇದ್ದದ್ದರಲ್ಲಿ ಏನು ಆಶ್ಚರ್ಯ?

ವಾಪಸ್ ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಇದನ್ನೇ ವಾದಿಸಿದೆವು. ಹಮ್ಮಿಂಗ್‌ಬರ್ಡುಗಳು ಒಂದೇ ಗವಿಯಲ್ಲಿ ಇರುವುದು ಒಳ್ಳೆಯ ಗವಿ ಬೇರೆ ಸಿಗದ್ದಕ್ಕಾ? ಇಲ್ಲ, ಜೊತೆ ಬೇಕು ಅಂತಲಾ? ಆ ಅಧ್ಯಯನ ಮಾಡಿದವರ ಮುಂದಿದ್ದ ಪ್ರಶ್ನೆಯೂ ಇದೇ. ಮಗಳ ಪ್ರಕಾರ ಇದು ಬರೀ ಜಾಗದ ಲೆಕ್ಕ. ಚಳಿ ಜಾಸ್ತಿ, ಗವಿ ಕಡಿಮೆ, ಬೇರೆ ದಾರಿಯಿಲ್ಲ.

ನನಗೆ ಅಷ್ಟೇ ಅನ್ನಿಸುವುದಿಲ್ಲ. ನಾನು ಹೇಳಿದ್ದು ನಮ್ಮ ಮನೆಯದೇ ಮಾತು. ಊರು ಮುಳುಗುತ್ತದೆ ಅಂತಾದಾಗ ಕಾಕುವಿಗೂ ಆಚೆಮನಿ ಅತ್ತಿಗೂ ನವನಗರದಲ್ಲಿ ಬೇರೆ ಬೇರೆ ಸೆಕ್ಟರಿನಲ್ಲಿ ಪ್ಲಾಟು ಸಿಕ್ಕಿತು. ಇಪ್ಪತ್ತು ವರ್ಷದ ಜಗಳ ಅಲ್ಲಿಗೆ ಮುಗಿಯಬೇಕಿತ್ತು. ಪ್ರತಿ ಮನೆಗೂ ಬೇರೆ ನಳ, ಬೇರೆ ಗೋಡೆ, ನಡುವೆ ಅಗಲದ ರಸ್ತೆ. ಜಾಗಕ್ಕೆ ಏನೂ ಕೊರತೆ ಇರಲಿಲ್ಲ. ಎರಡನೇ ವರ್ಷಕ್ಕೇ ಅತ್ತಿಯ ಮನೆಯವರು ತಮ್ಮ ಪ್ಲಾಟು ಮಾರಿದರು. ಕಾಕುವಿನ ಮನೆಯ ಎದುರಿಗೇ, ಅದಕ್ಕಿಂತ ಸಣ್ಣದನ್ನು ಕೊಂಡರು. ಯಾಕೆ ಅಂತ ಕೇಳಿದರೆ ಅತ್ತಿ ಹೇಳಿದ್ದು ಇಷ್ಟೇ: "ಅಲ್ಲಿ ರಾತ್ರಿ ನಿದ್ದಿ ಬರವಲ್ದಾಗಿತ್ತು ಬೇ."

ಹಕ್ಕಿಗೆ ಮನುಷ್ಯರ ಮನಸ್ಸು ಅಂಟಿಸಬಾರದು ಅಂತ ಮಗಳು ಹೇಳುತ್ತಾಳೆ. ಅವಳ ಮಾತಿಗೆ ಬೆಲೆ ಕೊಡುತ್ತೇನೆ. ಆದರೂ ಒಂದು ಯೋಚನೆ ಬಿಡುತ್ತಿಲ್ಲ. ಅದೇ ಗವಿಯಲ್ಲಿ ಗಂಡುಗಳೂ ಇದ್ದವಲ್ಲ? ಅವು ಗೂಡು ಕಟ್ಟುವುದಿಲ್ಲ, ಕಾವಿಗೆ ಕೂರುವುದಿಲ್ಲ, ಮರಿ ಸಾಕುವುದಿಲ್ಲ. ಎಲ್ಲೋ ಒಂದು ಬಂಡೆಯ ಸಂದು ಹಿಡಿದು ಮೈ ತಣ್ಣಗೆ ಮಾಡಿಕೊಂಡರೂ ರಾತ್ರಿ ಕಳೆಯಬಹುದಿತ್ತು. ಹಗಲಿಡೀ ಹೂವಿಗಾಗಿ ಅಟ್ಟಾಡಿಸಿದ ಹಕ್ಕಿಗಳ ಪಕ್ಕಕ್ಕೇ ಬಂದು ಕೂತಿವೆ.

ನನ್ನ ಸೂರಕ್ಕಿಯ ಮೊದಲ ಎರಡು ಮರಿ ಮಾರ್ಚ್ ಮುಗಿಯುವ ಮುಂಚೆ ಹಾರಿಹೋದವು. ಮೇ ತಿಂಗಳಲ್ಲಿ ಎರಡನೇ ಗೂಡು ಕಟ್ಟಿದಾಗ ಒಂದು ಸಂಜೆ ಭಾರೀ ಗಾಳಿ ಎದ್ದು, ತಗಡಿನ ಅಂಚು ಮೇಲಕ್ಕೆ ಹೊಡೆದು ಗೂಡು ಹರಿಯಿತು. ಒಳಗೆ ಮೊಟ್ಟೆ ಇದ್ದವು. ಆ ದಿನ ನಾನು ಊಟ ಮಾಡಲಿಲ್ಲ. ಹರಿದ ಗೂಡು ಈಗಲೂ ಗುಂಡಿ ಡಬ್ಬಿಯ ಪಕ್ಕದಲ್ಲಿದೆ, ಕೆಂಪು ದಾರ ಇನ್ನೂ ಮಾಸಿಲ್ಲ.

ಮೊನ್ನೆ ಕಾಕು ಕುಪ್ಪಸದ ಅಳತೆ ಕೊಡಲು ಬಂದಿದ್ದಳು, ಜೊತೆಗೆ ಆಚೆಮನಿ ಅತ್ತಿ. ಇಬ್ಬರಿಗೂ ಈಗ ಎಪ್ಪತ್ತು ದಾಟಿದೆ. ಅತ್ತಿ ಆ ಗೂಡು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ಒಳಗಿನ ಎಕ್ಕೆ ಹತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನಾನು ಇಬ್ಬರಿಗೂ ಚಿಂಬೊರಾಜೊ ಗವಿಯ ಕತೆ ಹೇಳಿದೆ. ಒಂದು ತಾಸು ಕೂತು ಕೇಳಿದರು. ಹೂವಿಗೆ ಜಗಳ ಆಡುತ್ತವೆ ಅಂದಾಗ ಕಾಕು ನಕ್ಕಳು. ತಾಯಿ ರಾತ್ರಿಯೆಲ್ಲ ಮೈ ಬಿಸಿ ಇಟ್ಟುಕೊಂಡು ಕೂತಿರುತ್ತದೆ ಅಂದಾಗ ಅತ್ತಿ, "ಪಾಪ, ಒಂದs ಇರತೈತೇನು?" ಅಂತ ಕೇಳಿದಳು. ಇಲ್ಲ ಅತ್ತಿ, ಪಕ್ಕದಲ್ಲಿ ಇನ್ನೊಂದು ಗೂಡು ಇರುತ್ತದೆ ಅಂದೆ.

ತಂತಿಯ ಮೇಲೆ ಈಗ ಒಂದು ಹಲಗೆ ಅಡ್ಡ ಹೊಡೆಸಿದ್ದೇನೆ, ಗಾಳಿ ತಡೆಯಲಿ ಅಂತ. ಮಷಿನ್ನಿನ ಕೆಳಗಿನ ದಾರ ಗುಡಿಸುವುದನ್ನು ಬಿಟ್ಟಿದ್ದೇನೆ. ಇವತ್ತು ಬೆಳಗ್ಗೆ ಹಳದಿ ಹೊಟ್ಟೆಯದು ಬಂದು ಎರಡು ಸಲ ತಂತಿಯ ತುದಿ ನೋಡಿಕೊಂಡು ಹೋಯಿತು.